ಮೂರನೇ ಡಬ್ಬಿಯ ಚೂರು

ಪಾರಿವಾಳ ಕಂಡರೆ ನನಗೆ ಮೊದಲಿನಿಂದಲೂ ಆಗದು. ಪಾಪದ ಹಕ್ಕಿ ಎಂದು ಕಾಳು ಹಾಕುವವರು ಒಂದು ವಾರ ನಮ್ಮ ಆರ್‌ಪಿಸಿ ಲೇಔಟಿನ ಮನೆಯ ಮಹಡಿಯಲ್ಲಿ ಬಟ್ಟೆ ಒಣಹಾಕಿ ನೋಡಲಿ, ಆಮೇಲೆ ಮಾತಾಡಲಿ. ನಾನು ಬ್ಲೌಸ್ ಹೊಲಿಯುವವಳು. ಲೈನಿಂಗ್ ಬಟ್ಟೆಯನ್ನು ಕತ್ತರಿಸುವ ಮುಂಚೆ ನೀರಿನಲ್ಲಿ ನೆನೆಸಿ ಒಣಗಿಸಲೇಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಅದು ಕುಗ್ಗಿ, ಮೇಲಿನ ಬಟ್ಟೆ ಸುಕ್ಕುಗಟ್ಟಿ, ಗಿರಾಕಿ ಬಾಗಿಲಲ್ಲಿ ನಿಂತು ನನ್ನ ಮಾನ ಕಳೆಯುತ್ತಾಳೆ. ಹಾಗೆ ಒಣಹಾಕಿದ ಲೈನಿಂಗಿನ ಮೇಲೆ ದಿನವೂ ಪಾರಿವಾಳದ ಹಿಕ್ಕೆ. ಎರಡೆರಡು ಸಲ ಒಗೆದು ಒಗೆದು ಸಾಕಾಗಿ ಕೊನೆಗೆ ನಾನೂ ಎಲ್ಲರ ಹಾಗೆ ಹಳೆಯ ಸಿಡಿಗಳನ್ನು ದಾರದಲ್ಲಿ ಪೋಣಿಸಿ ಒಣಹಾಕುವ ತಂತಿಗೆ ಕಟ್ಟಿದೆ.

ಎಲ್ಲರ ಹಾಗೆ ಎಂದೆನೇ? ಅಲ್ಲ. ಬೇರೆಯವರು ಒಂದೊಂದೇ ಸಿಡಿ ಕಟ್ಟುತ್ತಾರೆ. ಅದರ ಒಂದು ಮುಖ ಮಾತ್ರ ಹೊಳೆಯುತ್ತದೆ, ಇನ್ನೊಂದು ಕಡೆ ಹೆಸರು ಬರೆದಿರುವ ಮಂಕು ಮುಖ. ಗಾಳಿಗೆ ತಿರುಗಿದಾಗ ಅರ್ಧ ಹೊತ್ತು ಅದು ಯಾವ ಪಾರಿವಾಳವನ್ನೂ ಹೆದರಿಸುವುದಿಲ್ಲ. ಬಟ್ಟೆಯ ಒಳಮುಖ ಯಾವುದು, ಹೊರಮುಖ ಯಾವುದು ಎಂದು ನೋಡುವುದೇ ನನ್ನ ಕಸುಬು. ನಾನು ಎರಡು ಸಿಡಿಗಳ ಮಂಕು ಮುಖಗಳನ್ನು ಒಳಗೆ ಮಾಡಿ ಗಮ್ ಹಚ್ಚಿ ಅಂಟಿಸಿದೆ. ಎರಡೂ ಕಡೆ ಫಳಫಳ. ಅಕ್ಕಪಕ್ಕದ ಮೂರು ಮನೆಯವರು ಬಂದು ನೋಡಿಕೊಂಡು ಹೋಗಿ ಹಾಗೇ ಮಾಡಿದರು. ಎಷ್ಟು ತಲೆ ನಿಮಗೆ ಎಂದು ಹೊಗಳಿದರು, ನಾನೂ ಹಲ್ಲು ಬಿಟ್ಟೆ. ಆ ತಲೆಗಿಷ್ಟು ಬೆಂಕಿ ಹಾಕ.

ನಮ್ಮದು ಎರಡು ಅಂತಸ್ತಿನ ಮನೆ. ಮೇಲೆ ನಾವು, ಕೆಳಗೆ ನನ್ನ ವಾರಗಿತ್ತಿ, ಅಂದರೆ ನನ್ನ ಗಂಡನ ತಮ್ಮನ ಹೆಂಡತಿ. ನನಗಿಂತ ಆರು ವರ್ಷಕ್ಕೆ ಚಿಕ್ಕವಳು. ಇಪ್ಪತ್ತಾರು ವರ್ಷ ಇಬ್ಬರೂ ಒಂದೇ ಮೆಟ್ಟಿಲು ಹತ್ತಿ ಇಳಿದೆವು, ಅದರಲ್ಲಿ ಅರ್ಧವಾದರೂ ಜಗಳದಲ್ಲೇ ಕಳೆದಿರಬೇಕು. ನೀರಿನ ಮೋಟಾರು ಆಫ್ ಮಾಡುವುದು ಯಾರ ಕೆಲಸ, ಮೆಟ್ಟಿಲ ಮೇಲಿನ ಕಸ ಯಾರದು, ಸಂಪಿನ ಮುಚ್ಚಳ ತೆಗೆದಿಟ್ಟವರು ಯಾರು. ಅವಳ ಬಾಯಿ ಅಂದರೆ ಬಾಯಿ. ತರಕಾರಿ ಗಾಡಿಯವನು ನಮ್ಮ ಮನೆ ಮುಂದೆ ಮಾತ್ರ ಕೇಳದೆಯೇ ಒಂದು ಹಿಡಿ ಕೊತ್ತಂಬರಿ ಜಾಸ್ತಿ ಹಾಕುತ್ತಿದ್ದ. ನಾನೂ ಸುಮ್ಮನಿರುವವಳಲ್ಲ. ಆದರೆ ನನ್ನ ಮಗಳು ಹುಟ್ಟಿ ನಾನು ಮೂರು ತಿಂಗಳು ಹಾಸಿಗೆ ಬಿಟ್ಟು ಏಳದೆ ಇದ್ದಾಗ ಮಗುವಿಗೆ ಎರೆದವಳು, ತಟ್ಟಿ ಮಲಗಿಸಿದವಳು, ನನ್ನ ತಲೆ ಬಾಚಿದವಳು ಅವಳೇ. ಅವಳಿಗೆ ಮಕ್ಕಳಾಗಲಿಲ್ಲ. ನನ್ನ ಮಗಳಿಗೆ ಅವಳು ಕೆಳಗಿನಮ್ಮ. ಮದುವೆಯಾಗಿ ಹೊರಡುವಾಗ ಮಗಳು ಮೊದಲು ಅತ್ತಿದ್ದು ಕೆಳಗಿನ ಮನೆಯ ಬಾಗಿಲಲ್ಲಿ.

ನಮ್ಮಿಬ್ಬರಲ್ಲಿ ಕೇಳಿ ತೆಗೆದುಕೊಳ್ಳುವ ಪದ್ಧತಿ ಇರಲಿಲ್ಲ. ಹೆಪ್ಪಿನ ಮೊಸರು, ಈಳಿಗೆ, ಕೊಡೆ, ಮದುವೆಗೆ ಉಡುವ ಸೀರೆ, ಏನು ಬೇಕೋ ಹೋಗಿ ತರುವುದು, ಆಮೇಲೆ ಅದಕ್ಕೊಂದು ಜಗಳ ಮಾಡುವುದು.

ಆ ವರ್ಷ ಅವಳಿಗೆ ಊಟವಾದ ಮೇಲೆ ಹೊಟ್ಟೆ ಉರಿ ಶುರುವಾಯಿತು. ಎರಡು ತುತ್ತಿಗೇ ಹೊಟ್ಟೆ ತುಂಬಿತು ಅನ್ನುವಳು. ಜೀರಿಗೆ ಕಷಾಯ ಆಯಿತು, ಮಜ್ಜಿಗೆ ಆಯಿತು, ಮೆಡಿಕಲ್ ಶಾಪಿನ ಮಾತ್ರೆ ಆಯಿತು. ನಾನೇ ಎಳೆದುಕೊಂಡು ವಿಜಯನಗರ ಮಾರ್ಕೆಟ್ಟಿನ ಹಿಂದಿನ ಒಂದು ಚಿಕ್ಕ ಕ್ಲಿನಿಕ್ಕಿಗೆ ಹೋದೆ. ಎಂಡೋಸ್ಕೋಪಿ ಮಾಡಬೇಕೆಂದರು, ಮರುದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾಡಿದರು. ಗಂಟಲಿಗೆ ಕಹಿ ಔಷಧಿ ಹೊಡೆದು, ಬಾಯಿಗೆ ಒಂದು ಪ್ಲಾಸ್ಟಿಕ್ ಬಳೆ ಕಚ್ಚಿಸಿ, ಕ್ಯಾಮೆರಾ ಇರುವ ಪೈಪನ್ನು ಹೊಟ್ಟೆಯವರೆಗೆ ಇಳಿಸುವುದು. ಅವಳು ಹೊರಗೆ ಬಂದಾಗ ಗಂಟಲು ಜೋಮು ಹಿಡಿದು ಮಾತು ಹೊರಡುತ್ತಿರಲಿಲ್ಲ, ಆದರೂ ಪಿಸುಪಿಸು ಬೈಯುತ್ತಲೇ ಇದ್ದಳು.

ಒಳಪದರ ಕೆಂಪಗಾಗಿದೆ, ಭಯಪಡುವಂಥದ್ದು ಏನೂ ಕಾಣಲಿಲ್ಲ, ಯಾವುದಕ್ಕೂ ಇರಲಿ ಎಂದು ಅಲ್ಲಿ ಇಲ್ಲಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದೇವೆ ಎಂದರು. ನಾಲ್ಕು ಪುಟ್ಟ ಡಬ್ಬಿಗಳು, ಒಂದೊಂದರಲ್ಲೂ ಮೂರು ನಾಲ್ಕು ಚೂರು, ಸಾಸಿವೆಗಿಂತ ಸ್ವಲ್ಪ ದೊಡ್ಡವು. ಕೈಗೆ ಒಂದು ಹಾಳೆ ರಿಪೋರ್ಟು ಕೊಟ್ಟರು, ಬಿಳಿ ಕಾಗದದ ಲಕೋಟೆಯಲ್ಲಿ ಒಂದು ಸಿಡಿ ಕೊಟ್ಟರು. ಚೂರುಗಳ ಫಲಿತಾಂಶ ಬರಲು ಹತ್ತು ದಿನ.

ಮೂರನೇ ದಿನವೋ ನಾಲ್ಕನೇ ದಿನವೋ ನೆನಪಿಲ್ಲ. ನನ್ನ ಬಳಿ ಜೋಡಿಯಿಲ್ಲದ ಒಂದು ಸಿಡಿ ಉಳಿದಿತ್ತು. ಹೆಪ್ಪಿಗೆ ಮೊಸರು ತರಲು ಕೆಳಗೆ ಹೋದೆ. ಅವಳು ಮನೆಯಲ್ಲಿರಲಿಲ್ಲ, ಬಾಗಿಲು ಎಂದಿನಂತೆ ಬರೀ ಚಿಲಕ. ಫ್ರಿಜ್ಜಿನ ಪಕ್ಕದ ಮೊಳೆಗೆ ಆ ಕ್ಲಿನಿಕ್ಕಿನ ಕವರು ನೇತಾಡುತ್ತಿತ್ತು. ರಿಪೋರ್ಟಿನ ಹಾಳೆಯನ್ನು ಜೋಪಾನವಾಗಿ ಅಲ್ಲೇ ಬಿಟ್ಟೆ. ಸಿಡಿ ಯಾಕೆ? ನಮ್ಮ ಎರಡೂ ಮನೆಯಲ್ಲಿ ಅದನ್ನು ಹಾಕಿ ನೋಡುವ ಯಂತ್ರವೇ ಇಲ್ಲ. ಹೊಟ್ಟೆಯ ಒಳಗನ್ನು ಕುಳಿತು ನೋಡುವವರು ಯಾರು? ಹೇಳಬೇಕಾದ್ದನ್ನೆಲ್ಲ ಹಾಳೆಯಲ್ಲಿ ಬರೆದಿದ್ದಾರಲ್ಲ? ಇಷ್ಟು ಕೂಡ ನಾನು ಯೋಚಿಸಲಿಲ್ಲವೇನೋ, ಈಗ ಬರೆಯುವಾಗ ಸೇರಿಸುತ್ತಿದ್ದೇನೆ. ಮೊಸರಿನ ಬಟ್ಟಲ ಜೊತೆ ಅದನ್ನೂ ಹಿಡಿದುಕೊಂಡು ಮೆಟ್ಟಿಲು ಹತ್ತಿದೆ. ಆ ಸಿಡಿಯ ಹೊಳಪಿನಲ್ಲಿ ತುಸು ಹಸಿರು ಇತ್ತು, ಚೆನ್ನಾಗಿದೆ ಅಂದುಕೊಂಡೆ. ಗಮ್ ಹಚ್ಚಿ, ಮೇಲೆ ಇಸ್ತ್ರಿಪೆಟ್ಟಿಗೆಯ ಭಾರ ಇಟ್ಟು, ಸಂಜೆ ಕಟ್ಟಿಬಿಟ್ಟೆ.

ಫಲಿತಾಂಶ ಬಂತು. ಒಂದು, ಎರಡು, ನಾಲ್ಕನೇ ಡಬ್ಬಿಗಳಲ್ಲಿ ಏನೂ ಇರಲಿಲ್ಲ. ಮೂರನೇ ಡಬ್ಬಿಯ ಒಂದು ಚೂರಿನಲ್ಲಿ ಕ್ಯಾನ್ಸರಿನ ಶುರು ಇತ್ತು. ಕ್ಲಿನಿಕ್ಕಿನವರು ಮೈಸೂರು ರಸ್ತೆಯ ಆಚೆಗಿನ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ನಾನು, ಅವಳು, ನನ್ನ ಮೈದುನ, ಮೂವರೂ ಮೆಟ್ರೋ ಹತ್ತಿ ಹೋದೆವು. ಮೈದುನ ದಾರಿಯುದ್ದಕ್ಕೂ ಆ ಚೀಟಿಯನ್ನೇ ಮತ್ತೆ ಮತ್ತೆ ಓದುತ್ತಿದ್ದ. ಅವಳು ಮಾತ್ರ ಎದುರು ಸೀಟಿನವಳು ಉಟ್ಟ ಸೀರೆಗೆ ಆ ಬ್ಲೌಸ್ ಒಪ್ಪುವುದಿಲ್ಲ ಎಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದಳು.

ದೊಡ್ಡ ಆಸ್ಪತ್ರೆಯ ಡಾಕ್ಟರು ಸಮಾಧಾನದ ಮನುಷ್ಯ. ಕಾಗದದ ಮೇಲೆ ಹೊಟ್ಟೆಯ ಚಿತ್ರ ಬರೆದು ತೋರಿಸಿದರು.

"ನೋಡಿ ಅಮ್ಮ, ಇದು ತುಂಬಾ ಶುರು. ಈಗ ಆ ಜಾಗ ಸಿಕ್ಕಿದ್ರೆ ಹೊಟ್ಟೆ ಕುಯ್ಯೋದೇ ಬೇಡ. ಇದೇ ಪೈಪಲ್ಲಿ ಹೋಗಿ ಮೇಲಿನ ಪದರ ಮಾತ್ರ ಸುಲಿದು ತೆಗೀಬಹುದು. ಎರಡು ದಿನಕ್ಕೆ ಮನೆಗೆ ಹೋಗ್ತೀರ. ಆದ್ರೆ ಜಾಗ ಸಿಗಬೇಕು."

"ಸಿಗದೆ ಏನು ಸಾರ್, ಮೊನ್ನೆ ತಾನೇ ಕಿತ್ತಿದ್ದಾರೆ. ಗಾಯ ಇರುತ್ತಲ್ವಾ?" ಎಂದೆ ನಾನು.

"ಅಷ್ಟು ಸಣ್ಣ ಗಾಯ ಹೊಟ್ಟೆ ಒಳಗೆ ಹತ್ತು ದಿನಕ್ಕೆ ಮಾಯ್ದು ಹೋಗುತ್ತೆ. ಗುರುತೇ ಸಿಗಲ್ಲ. ಹೊಟ್ಟೆ ಒಂದೇ ಆಕಾರದಲ್ಲೂ ಇರಲ್ಲ, ಹಿಗ್ಗುತ್ತೆ, ಮಡಿಚಿಕೊಳ್ಳುತ್ತೆ. ಮೂರನೇ ಡಬ್ಬಿ ಅಂದ್ರೆ ಹೊಟ್ಟೆಯ ನಡುಭಾಗ ಅಂತ ಮಾತ್ರ ಬರೆದಿದ್ದಾರೆ. ನಡುಭಾಗ ಅಂದ್ರೆ ಅಂಗೈಗಿಂತ ದೊಡ್ಡ ಜಾಗ."

ನನಗೆ ಸಿಟ್ಟು ನೆತ್ತಿಗೇರಿತು. "ಒಂದು ಬ್ಲೌಸಿಗೆ ಡಾಟ್ ಹಿಡಿಯೋ ಮುಂಚೆ ನಾವು ಚಾಕ್‌ಪೀಸಲ್ಲಿ ಗುರುತು ಹಾಕ್ತೀವಿ ಸಾರ್. ಮನುಷ್ಯರ ಹೊಟ್ಟೆ ಕಿತ್ತೋರು ಒಂದು ಗುರುತು ಹಾಕಬಾರದಿತ್ತಾ?"

ಡಾಕ್ಟರು ಬೇಸರ ಮಾಡಿಕೊಳ್ಳಲಿಲ್ಲ. ಅನುಮಾನ ಇರುವ ಕಡೆ ಶಾಯಿಯ ಚುಕ್ಕಿ ಇಡುವುದುಂಟು, ಇಲ್ಲಿ ನೋಟಕ್ಕೆ ಯಾರಿಗೂ ಅನುಮಾನವೇ ಬಂದಿರಲಿಲ್ಲ, ಸುಮ್ಮನೆ ತೆಗೆದ ಚೂರುಗಳಲ್ಲಿ ಒಂದು ಹೀಗಾಯಿತು, ಅವರ ತಪ್ಪೇನಿಲ್ಲ ಎಂದರು. ಆಮೇಲೆ ಅವರ ಮುಖ ಸ್ವಲ್ಪ ಬೆಳಗಿತು.

"ನಮ್ಮಲ್ಲಿ ಈಗ ಹೊಸ ವ್ಯವಸ್ಥೆ ಒಂದು ಬಂದಿದೆ. ಮೊದಲ ಸಲದ ವಿಡಿಯೋ ಕೊಟ್ರೆ ಕಂಪ್ಯೂಟರು ನಿಮ್ಮ ಹೊಟ್ಟೆ ಒಳಗಿನ ನಕ್ಷೆ ಮಾಡುತ್ತೆ. ಚೂರು ತೆಗೆದ ಜಾಗಾನ ನಾವು ಅದರಲ್ಲಿ ಗುರುತು ಹಾಕ್ತೀವಿ. ಮತ್ತೆ ಪೈಪ್ ಇಳಿಸಿದಾಗ, ಎಡಕ್ಕೆ ಬಾ, ಇನ್ನೂ ಮೇಲಕ್ಕೆ ಬಾ, ಇದೇ ಜಾಗ ಅಂತ ಸ್ಕ್ರೀನ್ ಮೇಲೇ ತೋರಿಸುತ್ತೆ. ಮೊಬೈಲಲ್ಲಿ ದಾರಿ ನೋಡ್ಕೊಂಡು ಹೋಗ್ತೀವಲ್ಲ, ಹಾಗೆ. ಕ್ಲಿನಿಕ್ಕಲ್ಲಿ ಸಿಡಿ ಕೊಟ್ಟಿರಬೇಕಲ್ಲ?"

"ಕೊಟ್ಟಿದ್ದಾರೆ ಸಾರ್. ಮನೇಲಿ ಮೊಳೆಗೆ ಹಾಕಿದೀನಿ," ಎಂದಳು ನನ್ನ ವಾರಗಿತ್ತಿ, ಪರೀಕ್ಷೆಯಲ್ಲಿ ಗೊತ್ತಿರುವ ಪ್ರಶ್ನೆ ಬಂದ ಮಗುವಿನ ಖುಷಿಯಲ್ಲಿ. "ನಾಳೆನೇ ತರ್ತೀವಿ."

ನಾನು ಪಕ್ಕದಲ್ಲೇ ಕುಳಿತಿದ್ದೆ. ನನಗೆ ಆಗ ಏನೂ ಹೊಳೆಯಲಿಲ್ಲ ಎಂದರೆ ನೀವು ನಂಬಬೇಕು. ವಾಪಸು ಬರುವಾಗ ದೀಪಾಂಜಲಿ ನಗರದ ಹತ್ತಿರ ರೈಲು ಮನೆಗಳ ಮಹಡಿಗಳ ಎತ್ತರದಲ್ಲಿ ಹೋಗುತ್ತದೆ. ಕಿಟಕಿಯ ಆಚೆ ಯಾವುದೋ ಮಹಡಿಯ ಮೇಲೆ ಬಟ್ಟೆ ಒಣಗುತ್ತಿತ್ತು, ಅದರ ಮೇಲೆ ಸಾಲಾಗಿ ಸಿಡಿಗಳು ಫಳ್ ಫಳ್ ಎಂದು ಕಣ್ಣಿಗೆ ಹೊಡೆದವು. ನಮ್ಮ ತಂತಿಗೆ ಕಟ್ಟಿದ್ದ ಹಸಿರು ಹೊಳಪಿನ ಸಿಡಿ ಆಗ ನೆನಪಾಯಿತು. ಅವಳು ನನ್ನ ಭುಜಕ್ಕೆ ತಲೆಯಿಟ್ಟು ತೂಕಡಿಸುತ್ತಿದ್ದಳು.

ಆಗಲೇ ಹೇಳಿಬಿಡಬಹುದಿತ್ತು. ಅವಳನ್ನು ಅಲ್ಲಾಡಿಸಿ ಎಬ್ಬಿಸಿ, "ಸಿಡಿ ನನ್ನ ಹತ್ರ ಇದೆ ಕಣೇ, ಪಾರಿವಾಳಕ್ಕೆ ಕಟ್ಟಿದೀನಿ" ಎಂದಿದ್ದರೆ ರೈಲಿನಲ್ಲೇ ನನ್ನ ಮರ್ಯಾದೆ ತೆಗೆಯುತ್ತಿದ್ದಳು, ಅಷ್ಟೇ. ಅಷ್ಟಕ್ಕೇ ಹೆದರಿದೆ. ಮೈದುನ ಎದುರಿಗಿದ್ದ. ಕ್ಯಾನ್ಸರ್ ಎಂಬ ಮಾತು ಕೇಳಿ ಬಂದ ದಿನ, ಹೆಂಡತಿಯ ಹೊಟ್ಟೆಯ ಚಿತ್ರವನ್ನು ಅತ್ತಿಗೆ ಹಕ್ಕಿ ಓಡಿಸಲು ಕಟ್ಟಿದ್ದಾಳೆ ಎಂದು ಅವನಿಗೆ ಹೇಗೆ ಹೇಳುವುದು? ಮೊದಲು ಮನೆಗೆ ಹೋಗಿ ಅದನ್ನು ಬಿಡಿಸಿ, ಒರೆಸಿ, ಲಕೋಟೆಗೆ ಹಾಕಿ, ಮೊಳೆಗೆ ನೇತುಹಾಕಿಬಿಟ್ಟರೆ ಯಾರಿಗೂ ಗೊತ್ತಾಗುವುದೇ ಬೇಡ ಎಂದು ಲೆಕ್ಕ ಹಾಕಿದೆ.

ಮನೆ ತಲುಪಿದವಳೇ ಮಹಡಿಗೆ ಓಡಿದೆ. ಏಳು ಜೋಡಿಗಳಿದ್ದವು. ಹಸಿರು ಹೊಳಪಿನದನ್ನು ಹುಡುಕಲು ಕಷ್ಟವಾಗಲಿಲ್ಲ. ಮಾಸಿರಲಿಲ್ಲ, ಗೀರೂ ಬಿದ್ದಿರಲಿಲ್ಲ. ದೇವರೇ ಬದುಕಿಸಿದೆ ಎಂದುಕೊಂಡೆ. ಬಚ್ಚಲಿನ ಬಾಗಿಲು ಹಾಕಿಕೊಂಡು ಬಿಸಿನೀರಿನಲ್ಲಿ ನೆನೆಸಿದೆ. ಹೊಲಿಗೆ ಬಿಚ್ಚುವ ಬ್ಲೇಡು ತೆಗೆದುಕೊಂಡು, ಎರಡು ಸಿಡಿಗಳ ನಡುವೆ ತೂರಿಸಿ, ಸುತ್ತ ಮೆಲ್ಲಗೆ ಬಿಡಿಸುತ್ತಾ ಬಂದೆ. ಆ ಕೆಲಸ ನನಗೆ ಹೊಸದಲ್ಲ. ಹಳೆಯ ರೇಷ್ಮೆ ಬ್ಲೌಸಿನ ಅಂಚನ್ನು ಒಂದು ಎಳೆಯೂ ಹೋಗದಂತೆ ಬಿಚ್ಚಿಕೊಡುವವಳು ಈ ಕಡೆ ನಾನೊಬ್ಬಳೇ. ಒಂದು ಕಡೆ ಬಿಟ್ಟಿತು, ಇನ್ನೊಂದು ಕಡೆ ಬಿಟ್ಟಿತು, ಕೊನೆಗೆ ಎರಡೂ ಟಪ್ಪೆಂದು ಬೇರೆಯಾದವು.

ಹಸಿರು ಸಿಡಿಯ ಹೊಳಪೆಲ್ಲ ಕಿತ್ತುಕೊಂಡು ಹೋಗಿ ಇನ್ನೊಂದರ ಗಮ್ಮಿಗೆ ಅಂಟಿಕೊಂಡಿತ್ತು. ಚಕ್ಕೆ ಚಕ್ಕೆಯಾಗಿ ನೀರಿನಲ್ಲೂ ತೇಲುತ್ತಿತ್ತು. ನನ್ನ ಕೈಯಲ್ಲಿ ಉಳಿದದ್ದು ಬರೀ ಪಾರದರ್ಶಕ ಪ್ಲಾಸ್ಟಿಕ್ಕು. ಅದರ ಆ ಕಡೆ ಹಿಡಿದಿದ್ದ ನನ್ನ ಬೆರಳುಗಳು ಈ ಕಡೆಯಿಂದ ಕಾಣುತ್ತಿದ್ದವು. ನಾನು ಆ ಚಕ್ಕೆಗಳನ್ನು ಒಂದೊಂದಾಗಿ ನೀರಿನಿಂದ ತೆಗೆದು ಟವೆಲ್ಲಿನ ಮೇಲೆ ಹರಡಿದೆ. ಯಾಕೆ ಹರಡಿದೆನೋ. ಅಂಟಿಸಿಬಿಡಬಹುದು ಎಂದುಕೊಂಡೆನೇನೋ.

ಕೆಳಗಿನಿಂದ ಅವಳ ದನಿ ಕೇಳಿತು. "ಅಕ್ಕಾ, ಸಿಡಿ ಇಲ್ಲಿಲ್ಲ! ರಿಪೋರ್ಟ್ ಇದೆ, ಸಿಡಿನೇ ಇಲ್ಲ!"

ಆಗ ನಾನು ಮಾಡಿದ್ದನ್ನು ಬರೆಯಲು ಈಗಲೂ ಕೈ ಬರುವುದಿಲ್ಲ. ಇಳಿದು ಹೋಗಿ ಅವಳ ಜೊತೆ ಹುಡುಕಿದೆ. ಫ್ರಿಜ್ಜಿನ ಹಿಂದೆ ಕೈ ಹಾಕಿದೆ, ಟೀವಿ ಸ್ಟ್ಯಾಂಡಿನ ಡ್ರಾಯರು ಸುರಿದೆ, ಮಂಚದ ಕೆಳಗೆ ತೆವಳಿ ಸೂಟ್‌ಕೇಸುಗಳನ್ನು ಎಳೆದೆ. ಎರಡು ದಿನ ಹುಡುಕಿದೆವು. ಮೈದುನ ಅವಳಿಗೆ ಬಾಯಿಗೆ ಬಂದಂತೆ ಬೈದ. "ಜೀವದ ಪ್ರಶ್ನೆ, ಒಂದು ಸಿಡಿ ಇಟ್ಕೊಳ್ಳೋಕಾಗಲ್ವಾ ನಿನಗೆ?" ಎಂದ. ಇಪ್ಪತ್ತಾರು ವರ್ಷದಲ್ಲಿ ಅವಳು ಯಾರಿಗೂ ಎದುರು ಹೇಳದೆ ತಲೆ ತಗ್ಗಿಸಿದ್ದನ್ನು ನಾನು ನೋಡಿದ್ದು ಆವತ್ತೇ. "ಹಳೇ ಪೇಪರ್ ಜೊತೆ ನಾನೇ ಹಾಕ್ಬಿಟ್ಟೆ ಅನ್ಸುತ್ತೆ," ಎಂದಳು. ನಾನು ಬಾಯಿ ತೆರೆಯಲಿಲ್ಲ.

ಕ್ಲಿನಿಕ್ಕಿಗೂ ಹೋಗಿ ಬಂದೆವು. ತಮ್ಮ ಯಂತ್ರದಲ್ಲಿ ಜಾಗ ಕಡಿಮೆ, ವಾರಕ್ಕೊಮ್ಮೆ ಅಳಿಸುತ್ತೇವೆ, ಅದಕ್ಕೇ ಸಿಡಿ ಕೊಡುವುದು ಎಂದರು. ರಿಪೋರ್ಟಿನ ಹಾಳೆಯಲ್ಲಿ ಎರಡು ಫೋಟೋ ಇದ್ದವು, ಎರಡೂ ಬೇರೆ ಭಾಗದವು.

ದೊಡ್ಡ ಆಸ್ಪತ್ರೆಯ ಡಾಕ್ಟರು ಸಿಡಿ ಇಲ್ಲವೆಂದು ಕೇಳಿ ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ನಕ್ಷೆ ಇಲ್ಲದೆಯೇ ನೋಡೋಣ ಎಂದರು. ಬಣ್ಣ ಚಿಮುಕಿಸಿ, ಬೇರೆ ಬೇರೆ ಬೆಳಕು ಹಾಕಿ, ಒಂದು ಗಂಟೆ ಹುಡುಕಿದರು. ಕಂಡಕಂಡಲ್ಲಿ ಚೂರು ತೆಗೆದರು. ಎಲ್ಲವೂ ಒಳ್ಳೆಯ ಚೂರುಗಳೇ ಎಂದು ಫಲಿತಾಂಶ ಬಂತು. ಮೈದುನ ಸಿಹಿ ತಂದ. ಡಾಕ್ಟರು ಮಾತ್ರ ನಗಲಿಲ್ಲ. "ಕೆಟ್ಟದ್ದು ಇಲ್ಲ ಅಂತಲ್ಲ. ನಮಗೆ ಸಿಕ್ಕಿಲ್ಲ ಅಂತ," ಎಂದರು. ಮೊದಲ ಸಲದ ಚೂರುಗಳನ್ನು ಇಟ್ಟು ನೋಡಿದ್ದ ಗಾಜಿನ ಪಟ್ಟಿಯನ್ನು ತರಿಸಿ ಇನ್ನೊಬ್ಬರಿಂದ ನೋಡಿಸಿದ್ದರು. ಮೂರನೇ ಡಬ್ಬಿಯ ಆ ಚೂರು ಕೆಟ್ಟದ್ದೇ, ಸಂಶಯವಿಲ್ಲ. ಜಾಗ ತಿಳಿಯದೆ ಪೂರ್ತಿ ಹೊಟ್ಟೆ ತೆಗೆಯುವುದೂ ಒಂದು ದಾರಿ ಎಂದು ಹೇಳಿದರು. ಅವಳು ಕುರ್ಚಿಯಿಂದ ಎದ್ದು ನಿಂತಳು.

"ಹೊಟ್ಟೆನೇ ತೆಗೆದ್ರೆ ಊಟ ಎಲ್ಲಿಗೆ ಹಾಕ್ಕೊಳ್ಳಲಿ ಸಾರ್, ಜೇಬಿಗಾ? ಇನ್ನೊಂದ್ಸಲ ಹುಡುಕಿ. ನೀವು ಸರಿಯಾಗಿ ಹುಡುಕಿಲ್ಲ."

ಮೂರು ತಿಂಗಳು ಬಿಟ್ಟು ಮತ್ತೆ ಬರಲು ಹೇಳಿದರು. ಆ ಮೂರು ತಿಂಗಳು ನಾನು ಹೊಲಿದ ಬ್ಲೌಸುಗಳಲ್ಲಿ ಎಷ್ಟು ವಾಪಸು ಬಂದವೋ. ಒಬ್ಬಳ ಅಳತೆ ಇನ್ನೊಬ್ಬಳಿಗೆ ಹಾಕಿದೆ, ಎರಡು ಎಡತೋಳು ಕತ್ತರಿಸಿದೆ. ಅವಳು ಮೇಲೆ ಬಂದು ನನ್ನ ಯಂತ್ರದ ಪಕ್ಕ ಕುಳಿತು ಹುಕ್ಕು ಹಾಕಿಕೊಡುತ್ತಿದ್ದಳು. "ನಿನಗೇನಾಗಿದೆ ಅಕ್ಕ? ಕಾಯಿಲೆ ನನಗಾ ನಿನಗಾ?" ಎಂದು ರೇಗುವಳು. ಪ್ರತಿಸಲವೂ ಮಾತು ನಾಲಿಗೆಯ ತುದಿಗೆ ಬಂದು ನಿಲ್ಲುತ್ತಿತ್ತು. ಜಾಗ ಸಿಕ್ಕಲಿ, ಸಿಕ್ಕಿದ ದಿನ ಹೇಳುತ್ತೇನೆ, ಆಗ ಇಬ್ಬರೂ ನಗಬಹುದು ಎಂದು ಮುಂದಕ್ಕೆ ಹಾಕಿದೆ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಆ ಯಂತ್ರಗಳನ್ನು ನೋಡಿಕೊಳ್ಳುವ, ತಲೆ ನರೆತ ಒಬ್ಬರು ಹೊರಗೆ ಚಹಾ ಕುಡಿಯುತ್ತಿದ್ದರು. ಅವಳನ್ನು ಒಳಗೆ ಕರೆದುಕೊಂಡು ಹೋಗಿದ್ದರು. ನಾನು ತಡೆಯಲಾಗದೆ ಕೇಳಿದೆ, ಬೇರೆ ಯಾರದೋ ಕಥೆ ಎನ್ನುವ ಹಾಗೆ. ಸಿಡಿಯ ಹೆಸರು ಬರೆಯುವ ಮುಖಕ್ಕೆ ಇನ್ನೊಂದು ಸಿಡಿ ಅಂಟಿಸಿಬಿಟ್ಟರೆ ಏನು ಮಾಡಬೇಕು ಸಾರ್?

"ಬಿಡಿಸೋಕೆ ಹೋಗಬಾರದು ಅಷ್ಟೇ," ಎಂದರು. "ಚಿತ್ರ ಎಲ್ಲ ಇರೋದು ಆ ಮೇಲಿನ ಮುಖದ ತೆಳುಪದರದಲ್ಲಿ. ಓದೋದು ಕೆಳಗಿನ ಮುಖದಿಂದ. ಅಂಟಿಸಿದ ಹಾಗೇ ತಂದುಕೊಟ್ರೆ ಏನಾದ್ರೂ ದಾರಿ ಇತ್ತು, ಅಂಟಿಸಿದ ಇನ್ನೊಂದು ಸಿಡಿನ ಉಜ್ಜಿ ಸವೆಸಿ ತೆಳು ಮಾಡಿ ಓದಿಸಬಹುದು. ಕಿತ್ತರೆ ಮುಗೀತು." ಕಪ್ಪನ್ನು ಕಸದ ಬುಟ್ಟಿಗೆ ಹಾಕಿ, "ಯಾಕಮ್ಮ, ಯಾರು ಹಾಗೆ ಮಾಡಿದ್ದು?" ಎಂದರು. ಪಕ್ಕದ ಮನೆಯವರು ಎಂದೆ.

ಅಂದರೆ ಪಾರಿವಾಳಕ್ಕೆ ಕಟ್ಟಿದ್ದರಿಂದ ಏನೂ ಹಾಳಾಗಿರಲಿಲ್ಲ. ಹನ್ನೆರಡು ದಿನ ಬಿಸಿಲು ಗಾಳಿಯಲ್ಲಿ ನೇತಾಡಿದರೂ ಅವಳ ಹೊಟ್ಟೆಯ ದಾರಿ ಅದರಲ್ಲಿ ಪೂರ್ತಿ ಇತ್ತು. ಹಾಳಾದದ್ದು ನಾನು ಬಚ್ಚಲಿನ ಬಾಗಿಲು ಹಾಕಿಕೊಂಡ ಮೇಲೆ. ಬೈಗುಳಕ್ಕೆ ಹೆದರಿ, ಯಾರಿಗೂ ಗೊತ್ತಾಗದ ಹಾಗೆ ಸರಿಮಾಡಲು ಹೋಗಿ, ನನ್ನ ಕೈಯಾರೆ ಕಿತ್ತುಹಾಕಿದೆ.

ಆ ಸಲ ತೆಗೆದ ಚೂರುಗಳಲ್ಲಿ ಒಂದು ಕೆಟ್ಟದ್ದಿತ್ತು. ಈಗ ಆಸ್ಪತ್ರೆಯವರ ಬಳಿ ತಮ್ಮದೇ ವಿಡಿಯೋ ಇತ್ತು, ನಕ್ಷೆ ಮಾಡಿದರು. ಹತ್ತು ದಿನ ಬಿಟ್ಟು ಕರೆದರು, ಅದೇ ಜಾಗಕ್ಕೆ ಹೋಗಿ ಎಷ್ಟು ಆಳಕ್ಕೆ ಇಳಿದಿದೆ ನೋಡಬೇಕೆಂದರು. ನಿದ್ದೆಯ ಇಂಜೆಕ್ಷನ್ ಕೊಡುವವರೆಗೆ ನಮ್ಮಕ್ಕ ಇಲ್ಲೇ ಇರಲಿ ಎಂದು ಅವಳು ಹಟ ಹಿಡಿದಳು. ಅವಳಿಗೆ ನಿದ್ದೆ ಹತ್ತಿದ ಮೇಲೆ ನನ್ನನ್ನು ಹೊರಗೆ ಕಳಿಸಲು ಎಲ್ಲರೂ ಮರೆತರು, ನಾನು ಗೋಡೆಗೆ ಅಂಟಿ ನಿಂತೆ.

ಪರದೆಯ ಮೇಲೆ ಅವಳ ಹೊಟ್ಟೆಯ ಒಳಗು ಕಂಡಿತು. ನಸುಗೆಂಪು, ಒದ್ದೆ, ಮಡಿಕೆ ಮಡಿಕೆ. ಇಲ್ಲಿಂದ ಅಲ್ಲಿಗೆ ಏನೂ ವ್ಯತ್ಯಾಸವಿಲ್ಲ. ಇದರಲ್ಲಿ ಸಾಸಿವೆಯಷ್ಟು ಜಾಗವನ್ನು ಯಾರು ಹುಡುಕುತ್ತಾರೆ ಅನ್ನಿಸಿತು. ಪಕ್ಕದ ಇನ್ನೊಂದು ಪರದೆಯ ಮೇಲೆ ಅದೇ ಹೊಟ್ಟೆಯ ನಕ್ಷೆ, ಅದರ ಮೇಲೆ ಒಂದು ಹಳದಿ ಚುಕ್ಕಿ. ಡಾಕ್ಟರು ಪೈಪನ್ನು ತಿರುಗಿಸಿದಂತೆ ಮೂಲೆಯಲ್ಲಿ ಬಾಣದ ಗುರುತು ಎಡಕ್ಕೆ ತೋರಿಸಿತು, ಮೇಲಕ್ಕೆ ತೋರಿಸಿತು. ಚುಕ್ಕಿ ಮೆಲ್ಲಗೆ ನಡುವಿಗೆ ಬಂದು ನಿಂತಿತು. "ಹಾಂ, ಇಲ್ಲೇ," ಎಂದರು ಡಾಕ್ಟರು. ಅಷ್ಟೇ. ಒಂದು ನಿಮಿಷ ಆಗಿರಬಹುದು, ಅದಕ್ಕೂ ಕಡಿಮೆಯೋ. ನಾನು ಗೋಡೆ ಹಿಡಿದುಕೊಂಡು ಕೆಳಗೆ ಕುಳಿತೆ. ನರ್ಸು ಬಂದು ರಕ್ತ ನೋಡಿದರೆ ಆಗಲ್ವಾ ಆಂಟಿ ಎಂದು ಹೊರಗೆ ಕರೆದುಕೊಂಡು ಹೋದಳು.

ಡಾಕ್ಟರು ಮೈದುನನಿಗೂ ನನಗೂ ಹೊರಗೇ ಹೇಳಿದರು. ಪದರ ದಾಟಿ ಒಳಗೆ ಇಳಿದಿದೆ. ಪೈಪಿನಿಂದ ಸುಲಿದು ತೆಗೆಯುವ ಹಂತ ಮುಗಿದಿದೆ. ಆಪರೇಷನ್ ಮಾಡಬೇಕು, ಆದರೂ ಭರವಸೆ ಕೊಡಲಾರೆ. ಮೂರು ತಿಂಗಳ ಹಿಂದೆ ಈ ಜಾಗ ಸಿಕ್ಕಿದ್ದರೆ ಎಂದು ಅವರು ಶುರು ಮಾಡಿ, ಮೈದುನನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

ಅವಳಿಗೆ ಎಚ್ಚರವಾದಾಗ ಪಕ್ಕದಲ್ಲಿ ನಾನೊಬ್ಬಳೇ ಇದ್ದೆ. ಕಣ್ಣು ಇನ್ನೂ ಸರಿಯಾಗಿ ತೆರೆದಿರಲಿಲ್ಲ.

"ಸಿಕ್ತಾ ಅಕ್ಕ?"

"ಸಿಕ್ತು ಕಣೇ."

"ನಾನು ಹೇಳಲಿಲ್ವಾ, ಸರಿಯಾಗಿ ಹುಡುಕಿದ್ರೆ ಸಿಗುತ್ತೆ ಅಂತ," ಎಂದು ನಕ್ಕಳು. ನನ್ನ ಕೈಯನ್ನು ಎಳೆದುಕೊಂಡು ತನ್ನ ಕೆನ್ನೆಯ ಕೆಳಗೆ ಇಟ್ಟುಕೊಂಡು ಮತ್ತೆ ಮಲಗಿದಳು. ಸಿಕ್ಕಿದ ದಿನ ಹೇಳುತ್ತೇನೆ ಎಂದುಕೊಂಡಿದ್ದೆನಲ್ಲ, ಆ ದಿನವೂ ಹೇಳಲಿಲ್ಲ.

ಆಪರೇಷನ್ ಆಯಿತು. ಆಮೇಲೆ ತಿಂಗಳುಗಟ್ಟಲೆ ಔಷಧಿ, ವಾಂತಿ, ಕೂದಲು ಉದುರಿದ್ದು. ಅದನ್ನೆಲ್ಲ ಕಂಡವರಿಗೆ ಹೇಳಬೇಕಾಗಿಲ್ಲ, ಕಾಣದವರಿಗೆ ಹೇಳಿ ಪ್ರಯೋಜನವಿಲ್ಲ. ಮೊದಮೊದಲು ನರ್ಸುಗಳಿಗೆ ಬೈಯುತ್ತಿದ್ದಳು, ಗಂಜಿಗೆ ಉಪ್ಪಿಲ್ಲವೆಂದು ನನಗೆ ಬೈಯುತ್ತಿದ್ದಳು. ಆಮೇಲೆ ಉಪ್ಪಿದ್ದರೂ ಇಲ್ಲದಿದ್ದರೂ ಸುಮ್ಮನೆ ನುಂಗತೊಡಗಿದಳು. ಬೇರೆ ಕಡೆಗೂ ಹರಡಿದೆ, ಮನೆಗೆ ಕರೆದುಕೊಂಡು ಹೋಗಿ ಎಂದರು. ಕೆಳಗಿನ ಮನೆಯ ನಡುಕೋಣೆಯಲ್ಲಿ ಕಿಟಕಿಗೆ ಹತ್ತಿರ ಮಂಚ ಹಾಕಿದೆವು. ನಾನು ಹೊಲಿಗೆ ಬಿಟ್ಟು ಹಗಲೆಲ್ಲ ಅಲ್ಲೇ ಇದ್ದೆ. ಅವಳ ಬ್ಲೌಸುಗಳನ್ನು ಮಾತ್ರ ಹದಿನೈದು ದಿನಕ್ಕೊಮ್ಮೆ ಹಿಡಿದು ಚಿಕ್ಕದು ಮಾಡುತ್ತಿದ್ದೆ.

ಒಂದು ಮಧ್ಯಾಹ್ನ ಮೈದುನ ಔಷಧಿ ತರಲು ಹೋಗಿದ್ದ. ನಾನು ಚಮಚದಲ್ಲಿ ಗಂಜಿ ಕುಡಿಸುತ್ತಿದ್ದೆ. ಎರಡು ಚಮಚ ಕುಡಿದು, "ಆ ಸಿಡಿ ಒಂದು ಕಳೀದೆ ಇದ್ದಿದ್ರೆ," ಎಂದಳು. "ಅವರಿಗೆ ನನ್ನ ಮೇಲೆ ಇನ್ನೂ ಸಿಟ್ಟು ಹೋಗಿಲ್ಲ ಕಣಕ್ಕ. ಮುಖ ನೋಡಿದ್ರೆ ಗೊತ್ತಾಗುತ್ತೆ. ಎಲ್ಲಿ ಹಾಕಿದೆನೋ, ಎಷ್ಟು ನೆನೆಸಿಕೊಂಡ್ರೂ ನೆನಪಾಗ್ತಾ ಇಲ್ಲ." ಅವಳು ಒಂದು ವರ್ಷದಿಂದ ಅದನ್ನೇ ನೆನೆಸಿಕೊಳ್ಳುತ್ತಾ ಮಲಗಿದ್ದಾಳೆ ಎಂದು ನನಗೆ ಗೊತ್ತಿರಲಿಲ್ಲ.

ಹೇಳಿಬಿಟ್ಟೆ. ಮೊಸರಿಗೆ ಬಂದದ್ದು, ಅಂಟಿಸಿದ್ದು, ರೈಲಿನಲ್ಲಿ ನೆನಪಾದದ್ದು, ಬಚ್ಚಲು, ಬ್ಲೇಡು, ಚಹಾ ಕುಡಿಯುತ್ತಿದ್ದವರು ಹೇಳಿದ್ದು, ಯಾವುದನ್ನೂ ಬಿಡಲಿಲ್ಲ. ಅಳಲೂ ಇಲ್ಲ. ಅಳಲು ನನಗೆ ಹಕ್ಕಿಲ್ಲ ಅನ್ನಿಸಿತ್ತು.

ಅವಳು ಗಂಜಿಯ ಚಮಚವನ್ನು ಕೈಯಿಂದ ಪಕ್ಕಕ್ಕೆ ಸರಿಸಿದಳು. ಆಮೇಲೆ, "ಹುಡುಕುವಾಗ ನೀನೂ ಹುಡುಕಿದೆ," ಎಂದಳು.

"ಹೂಂ."

"ಈ ಮಂಚದ ಕೆಳಗೆಲ್ಲ ತೆವಳಿದೆ."

"ಹೂಂ."

"ಅವರು ನನ್ನ ಬೈತಿದ್ರು. ನೀನು ನಿಂತಿದ್ದೆ."

ನಾನು ಗಂಜಿಯ ಬಟ್ಟಲನ್ನು ಕೆಳಗಿಟ್ಟೆ.

"ಅವತ್ತೇ ಹೇಳಬೇಕಿತ್ತು ಕಣಕ್ಕ," ಎಂದಳು. ಒಂದೊಂದು ಮಾತಿಗೂ ಉಸಿರು ತೆಗೆದುಕೊಳ್ಳುತ್ತಿದ್ದಳು. "ಬೀದಿ ಸೇರೋ ಹಾಗೆ ಬೈತಿದ್ದೆ. ಒಂದು ತಿಂಗಳು ಮಾತು ಬಿಡ್ತಿದ್ದೆ. ಈಗ ನೋಡು. ಬೈಯೋಕೂ ಉಸಿರಿಲ್ಲ."

"ಈಗಲೂ ಬೈಯೇ. ನಿನ್ನ ದಮ್ಮಯ್ಯ, ಬೈಯೇ."

ಅವಳು ಬಾಯಿ ತೆರೆದಳು. ನನ್ನ ಮುಖವನ್ನೇ ನೋಡಿದಳು. ಏನೋ ಹುಡುಕುತ್ತಿದ್ದ ಹಾಗಿತ್ತು. ಆಮೇಲೆ, "ಆಗಲ್ಲ ಕಣಕ್ಕ," ಎಂದು ಗೋಡೆಯ ಕಡೆ ತಿರುಗಿದಳು.

ಸಂಜೆ ಮೈದುನ ಬಂದಾಗ ಅವನಿಗೂ ನಾನೇ ಹೇಳಿದೆ. ಅವನು ಔಷಧಿಯ ಕವರು ಮೇಜಿನ ಮೇಲಿಟ್ಟು, ಅವಳ ಕಾಲ ಬಳಿ ನೆಲದ ಮೇಲೆ ಕುಳಿತು, ಮಂಚದ ಅಂಚಿಗೆ ಹಣೆ ಒತ್ತಿದ. ಅವಳು ಅವನ ತಲೆಯ ಮೇಲೆ ಕೈಯಿಟ್ಟಳು. ನಾನು ಮೇಲೆ ಹೋದೆ.

ಆಮೇಲೆ ಅವಳು ಒಂಬತ್ತು ದಿನ ಇದ್ದಳು. ಆ ಒಂಬತ್ತು ದಿನವೂ ನೀರಿಗೆ, ದಿಂಬು ತಿರುಗಿಸಲು, ಬೆನ್ನು ಒರೆಸಲು ನನ್ನನ್ನೇ ಕರೆದಳು. ಅಕ್ಕ ಎಂದೇ ಕರೆದಳು. ನಾನು ಪ್ರತಿಸಲ ಅವಳ ಬಾಯಿಯ ಹತ್ತಿರ ಕಿವಿ ಇಟ್ಟು ಕಾದೆ. ಅವಳು ಬೈಯಲಿಲ್ಲ. ಹೋಗಲಿ ಬಿಡು ಎಂದೂ ಅನ್ನಲಿಲ್ಲ.